ಲಿಫ್ಟಿನ ಮೇಲೆ ಜೀಪು

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಜೀಪಿನ ಅಡಿಗೆ ಹೋಗುವುದು ನನ್ನ ಪದ್ಧತಿ. ಸೈನ್ಯದ ವಾಹನ ರಿಪೇರಿ ವಿಭಾಗದಲ್ಲಿ ಕಲಿತದ್ದು. ನಿವೃತ್ತನಾಗಿ ಪೊನ್ನಂಪೇಟೆಯ ಹತ್ತಿರದ ಈ ಮನೆಗೆ ಬಂದ ಮೇಲೂ ಬಿಟ್ಟಿಲ್ಲ. ಈ ಸಲ ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ಅಡಿಗೆ ಹೋದವನಿಗೆ ಹೊರಗೆ ಬರಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಕೂಗಿದರೆ ಕೇಳುವವರು ಮನೆಯಲ್ಲಿರಲಿಲ್ಲ, ಆದ್ದರಿಂದ ಕೂಗಲಿಲ್ಲ. ಮೊಣಕೈ ಊರಿ ತೆವಳಿಕೊಂಡು ಹೊರಬರುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನ ಸೀದ ವಾಸನೆ ಶೆಡ್ಡಿನವರೆಗೂ ಬಂದಿತ್ತು.

ಜೀಪನ್ನು ಮಾರಬೇಕು, ಇಲ್ಲವೇ ಅದನ್ನೇ ಮೇಲೆತ್ತುವ ಏರ್ಪಾಡು ಮಾಡಬೇಕು ಎಂದು ಅಂದೇ ತೀರ್ಮಾನಿಸಿದೆ. ಮಾರಿದರೆ ಭಾನುವಾರಕ್ಕೆ ಕೆಲಸವಿಲ್ಲ. ಭಾನುವಾರ ಖಾಲಿಯಾದರೆ ಉಳಿದ ವಾರವೂ ಸಡಿಲವಾಗುತ್ತದೆಂದು ನನಗೆ ಗೊತ್ತಿತ್ತು.

ಗ್ಯಾರೇಜುಗಳಲ್ಲಿ ಗಾಡಿ ಎತ್ತುವ ಎರಡು ಕಂಬದ ಲಿಫ್ಟ್ ಒಳ್ಳೆಯದೇ, ಆದರೆ ನಮ್ಮ ಶೆಡ್ಡಿನ ಮಾಡಿನ ಶೀಟು ತಗ್ಗು. ನಾಲ್ಕು ಕಂಬದ್ದಕ್ಕೆ ಜಾಗವಿಲ್ಲ. ಕತ್ತರಿಯಂತೆ ಮಡಚಿಕೊಂಡು ಸೊಂಟದೆತ್ತರಕ್ಕೆ ಏಳುವ ಸಣ್ಣ ಲಿಫ್ಟನ್ನು ಆರಿಸಿದೆ. ಗಾಳಿ ಬೀಸಿದರೆ ಸಾಕು, ಇಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ. ಹಾಗಾಗಿ ಕರೆಂಟಿಲ್ಲದಿದ್ದರೂ ಜೀಪನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಲಾಕ್ ಇರಲೇಬೇಕೆಂದೆ. ತೆಳು ನೆಲ ಒಡೆಸಿ ದಪ್ಪಗೆ ಕಾಂಕ್ರೀಟು ಹಾಕಿಸಿ, ದಿನವೂ ನೀರು ಹೊಯ್ದೆ.

ಮೈಸೂರಿನಿಂದ ಬಂದ ಫಿಟ್ಟರ್ ನೆಲಕ್ಕೆ ಬೋಲ್ಟು ಬಿಗಿದು, ಜೀಪನ್ನು ಎತ್ತಿ ಇಳಿಸಿ ತೋರಿಸಿದ.

“ಇನ್ನು ನಿಮ್ಗೆ ಯಾರೂ ಬೇಡ ಸಾರ್. ಲಾಕ್ ಕೂತಿದ್ದು ನೋಡ್ಕೊಂಡು ಕೆಲ್ಸ ಮಾಡಿ. ಒಬ್ರೇ ಸಾಕು.”

“ಅದಕ್ಕೇ ತಗೊಂಡಿದ್ದು” ಎಂದೆ.

ಮುಂದಿನ ಭಾನುವಾರ ಜೀಪನ್ನೆತ್ತಿ, ಸ್ಟೂಲಿನ ಮೇಲೆ ಕುಳಿತು, ಸೋರುತ್ತಿದ್ದ ಬ್ರೇಕ್ ಪೈಪು ಬದಲಿಸಿದೆ. ಸೊಂಟಕ್ಕೆ ಏನೂ ತೊಂದರೆಯಾಗಲಿಲ್ಲ. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಚಕ್ರದ ಬಳಿಯ ತಿರುಪಿಗೆ ಸ್ಪ್ಯಾನರ್ ಹಾಕಿ, “ಒತ್ತು” ಎಂದೆ.

ಹೇಳಿದ ಮೇಲೆಯೇ ನೆನಪಾದದ್ದು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿದಾಗ ಕೆಳಗಿನವನು ತಿರುಪು ಸಡಿಲಿಸಬೇಕು. “ಒತ್ತಿದೆ” ಎಂಬ ಉತ್ತರ ಬರದೆ ಸ್ಪ್ಯಾನರ್ ತಿರುಗಿಸಬಾರದೆಂಬುದು ಸೈನ್ಯದ ವರ್ಕ್‌ಶಾಪಿನ ಕಟ್ಟುನಿಟ್ಟಿನ ನಿಯಮ. ಇಷ್ಟು ವರ್ಷ ಉತ್ತರ ಕೊಟ್ಟವಳು ನನ್ನ ಅಕ್ಕ. ನನ್ನಂತೆ ಅವಳೂ ಮದುವೆಯಾಗಿರಲಿಲ್ಲ. ಟೀಚರ್ ಕೆಲಸದಿಂದ ನಿವೃತ್ತಳಾಗಿ ಇಲ್ಲೇ ಇದ್ದಳು. ಪೇಪರ್ ಓದುತ್ತಲೇ ಒತ್ತುತ್ತಿದ್ದಳು.

“ಒತ್ತಿದೆ ಮಾರಾಯ. ಇನ್ನೆಷ್ಟು ಸಲ? ನನ್ನ ಕಾಲೇನು ನಿನ್ನ ಮಿಲಿಟರಿಗೆ ಸೇರಿದ್ದಾ?”

ಕಳೆದ ಕಾಫಿ ಕುಯ್ಲಿನ ಹೊತ್ತಿಗೆ ತೀರಿಕೊಂಡಳು. ಎತ್ತರ, ಜಾಗ, ಕರೆಂಟು, ಕಾಂಕ್ರೀಟು ಎಲ್ಲ ಯೋಚಿಸಿದ್ದೆ. ಇದೊಂದನ್ನು ಯೋಚಿಸಿರಲಿಲ್ಲ.

ಪೆಡಲಿಗೆ ಕೋಲು ಆನಿಸಿ ನೋಡಿದೆ, ಜಾರಿತು. ಕೈ ತೊಳೆದು, ಅಂಗಿ ಬದಲಿಸಿ, ಪಕ್ಕದ ಮನೆಯ ನಿವೃತ್ತ ರೈಟರ ಬಳಿಗೆ ಹೋದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಕೂಗುತ್ತಿದ್ದವರು. ಅವರ ಜೊತೆ ಬೇಲಿಯ ಬಳಿ ನಿಂತು ಮಾತಾಡುತ್ತಿದ್ದವಳು ಅಕ್ಕ. ನಾನು ತಲೆಯಾಡಿಸುತ್ತಿದ್ದೆ ಅಷ್ಟೆ.

“ಸ್ವಲ್ಪ ಹೊತ್ತು ಜೀಪಲ್ಲಿ ಕೂತ್ಕೊಳ್ಬೇಕಿತ್ತು” ಎಂದೆ.

“ಎಲ್ಲಿಗೆ ಹೋಗ್ಲಿಕ್ಕೆ?”

“ಎಲ್ಲಿಗೂ ಇಲ್ಲ.”

ಕೊಡೆ ಹಿಡಿದು ಬಂದರು. ಶೆಡ್ಡಿನ ಬಾಗಿಲಲ್ಲೇ ನಿಂತರು. “ಇದೆಂತದು, ನನ್ನನ್ನು ಸೀದಾ ಮೇಲಕ್ಕೇ ಕಳಿಸುವ ಅಂದಾಜಾ?”

ಜೀಪನ್ನು ಕೆಳಗಿನ ಹಂತದ ಲಾಕಿಗೆ ಇಳಿಸಿ, ಸ್ಟೂಲಿಟ್ಟು ಹತ್ತಿಸಿದೆ. ಕ್ರಮ ಹೇಳಿಕೊಟ್ಟು ಚಕ್ರದ ಬಳಿ ಕುಳಿತೆ.

“ಒತ್ತಿ” ಎಂದೆ. ಉತ್ತರ ಬರಲಿಲ್ಲ. ಕಾದೆ.

“ಒತ್ತಿಯಾಯ್ತಲ್ಲ. ಬಾಯಲ್ಲಿ ಬೇರೆ ಹೇಳ್ಬೇಕಾ?”

“ಹೇಳ್ಬೇಕು.”

“ಒತ್ತಿದೆ” ಎಂದರು, ಹಾಜರಿ ಕೂಗುವ ಗಟ್ಟಿ ದನಿಯಲ್ಲಿ. ಆ ಸೀಟಿನಿಂದ ಗಂಡಸಿನ ದನಿ ಕೇಳಿ ನನ್ನ ಕೈ ಒಂದು ಕ್ಷಣ ನಿಂತಿತು. ಆಮೇಲೆ ತಿರುಪು ಸಡಿಲಿಸಿದೆ.

ನಾಲ್ಕೂ ಚಕ್ರ ಮುಗಿಸಿ ಅವರನ್ನು ಇಳಿಸಿದೆ. “ಮುಂದಿನ ಭಾನುವಾರವೂ ಉಂಟಾ?” ಎಂದು ಕೇಳಿದರು.

“ಇದು ವಾರವಾರ ಮಾಡುವ ಕೆಲಸವಲ್ಲ. ವರ್ಷಕ್ಕೊಮ್ಮೆ ಸಾಕು.”

“ಓ” ಎಂದು ಕೊಡೆ ಎತ್ತಿಕೊಂಡು ಹೋದರು.

ಸ್ಪ್ಯಾನರ್ ಒರೆಸಿ ಅದರ ಮೊಳೆಗೆ ತೂಗುಹಾಕಿದೆ. ಜೀಪನ್ನು ನೆಲಕ್ಕಿಳಿಸಿದೆ. ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು.