ಕುಮಟೆಯ ಸಾವಿತ್ರಿ ಕೆಸರಿಗಿಳಿದದ್ದು

ವಡೋದರಾದ ನಮ್ಮ ಕನ್ನಡದವರಲ್ಲಿ ಸಮುದ್ರದ ಮಾತು ಬಂದರೆ ಎಲ್ಲರೂ ಸಾವಿತ್ರಿಯ ಕಡೆ ತಿರುಗುತ್ತಿದ್ದರು. ಅವಳು ಕುಮಟೆಯವಳು. ಉಳಿದವರು ಧಾರವಾಡ, ಕಲಬುರಗಿ, ಹಾಸನದ ಕಡೆಯವರು. ಅವರ ಪ್ರಕಾರ ಕುಮಟೆಯ ಮಗು ನಡೆಯುವ ಮೊದಲೇ ಈಜುತ್ತದೆ.

ಗಂಡ ಯಶವಂತ್‌ಗೆ ಇಲ್ಲಿಗೆ ವರ್ಗವಾಗಿ ಮೂವತ್ತೊಂದು ವರ್ಷ. ಬಂದ ಹೊಸತರಲ್ಲಿ, ಯುಗಾದಿಯ ಪಂಕ್ತಿಯಲ್ಲಿ ಯಾರೋ ಕೇಳಿದ್ದರು: "ನಿಮ್ಮ ಕಡೆ ನೀರಿಳಿದಾಗ ಕೆಸರಿನಲ್ಲಿ ನಡೆದು ಚಿಪ್ಪಿ ಆರಿಸ್ತಾರಂತೆ, ನೀವೂ ಹೋಗ್ತಿದ್ರಾ?" ಬಾಯಲ್ಲಿ ಹೋಳಿಗೆ ಇತ್ತು. ಸಾವಿತ್ರಿ ತಲೆಯಾಡಿಸಿದಳು. ಮರುವರ್ಷ ಆ ತಲೆಯಾಡಿಸುವಿಕೆಗೆ ಒಂದು ಬುಟ್ಟಿ ಸೇರಿತು, ಅದರಾಚೆಯ ವರ್ಷ ಒಂದು ಮೊಸಳೆ. ಕೇಳುವವರಿಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ನಿಲ್ಲಿಸುವುದೇ ಪಾಪ ಅನ್ನಿಸುವಂತಿತ್ತು.

ನಿಜ ಗೊತ್ತಿದ್ದದ್ದು ಯಶವಂತ್ ಒಬ್ಬರಿಗೇ. ಸಾವಿತ್ರಿಯ ತಂದೆ ಪೋಸ್ಟ್ ಮಾಸ್ಟರು, ನೀರೆಂದರೆ ನಡುಗುವವರು. ಐದು ಮಕ್ಕಳನ್ನೂ ಮರಳಿನಿಂದಾಚೆ ಬಿಡಲಿಲ್ಲ. ಅರವತ್ತಮೂರರ ಸಾವಿತ್ರಿಯನ್ನು ಸಮುದ್ರ ಒಮ್ಮೆಯೂ ಪಾದದ ಗಂಟಿನ ಮೇಲೆ ಮುಟ್ಟಿರಲಿಲ್ಲ.

ಕಳೆದ ಜನವರಿಯಲ್ಲಿ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡದವರು ಸೇರಿ ಖಂಭಾತ್ ಕೊಲ್ಲಿಯ ಒಂದು ದ್ವೀಪಕ್ಕೆ ಟೆಂಟ್ ಹಾಕಲು ಹೊರಟೆವು. ದ್ವೀಪದ ತುಂಬ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು. ಅರಣ್ಯ ಇಲಾಖೆಯ ಅನುಮತಿ ಚೀಟಿ ಹಿಡಿದು ಓಡಾಡಿದವರು ಚನ್ನಬಸಪ್ಪನವರು. ಅವರು ಅಹಮದಾಬಾದಿನ ವಟ್ವಾದಲ್ಲಿರುವ ಬಣ್ಣದ ಕಾರ್ಖಾನೆಯ ಕೆಮಿಸ್ಟು, ಧಾರವಾಡದವರು, ಹೊಟ್ಟೆಯೂ ದನಿಯೂ ದೊಡ್ಡದು. ಹದಿಮೂರು ಜನ, ಏಳು ಟೆಂಟು, ಒಂದು ಗ್ರೈಂಡರು. ಗ್ರೈಂಡರಿಗೆ ಕರೆಂಟೆಲ್ಲಿ ಎಂದು ಯಾರಿಗೂ ಹೊಳೆದಿರಲಿಲ್ಲ.

ದೋಣಿ ದಡದಿಂದ ಇನ್ನೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಿತು. ನೀರು ಇಳಿದಿತ್ತು. ಮುಂದೆ ಬರೀ ಹೊಳೆಯುವ ಬೂದು ಕೆಸರು, ಅದರ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತ ಜಿಗಿಯುವ ಪುಟ್ಟ ಮೀನುಗಳು. ದೋಣಿಯ ಕಾನಜೀಭಾಯಿ ಬೀಡಿ ಹಚ್ಚಿ, "ಏಕ್ ಕಲಾಕ್ ಬೇಸೋ," ಅಂದ. ಒಂದು ಗಂಟೆ ಕೂತರೆ ನೀರೇ ಒಯ್ಯುತ್ತದಂತೆ.

"ಯಾಕ್ ಕೂಡೂದ್ರೀ?" ಚನ್ನಬಸಪ್ಪನವರು ಎದ್ದರು. "ನಮ್ ಸಾವಿತ್ರಕ್ಕಾರ್ ಇರೂಮುಂದ ನೀರಿನ ಹಂಗ್ಯಾಕ? ನಡೀರಿ ಅಕ್ಕಾರ, ಮುಂದ್ ನೀವು, ಹಿಂದ್ ನಾವು!"

"ಆಂಟಿ, ಪ್ಲೀಸ್!" ನಿಕಿತಾ ಆಗಲೇ ಫೋನ್ ಹಿಡಿದಿದ್ದಳು. ವಡೋದರಾದಲ್ಲಿ ಓದುತ್ತ ಗೆಳತಿಯರ ಜೊತೆ ಬಾಡಿಗೆ ಫ್ಲಾಟಿನಲ್ಲಿರುವ ಹುಡುಗಿ ಅವಳು. "ನಾನು ಫುಲ್ ವಿಡಿಯೋ ತಗೀತೀನಿ."

ಸಾವಿತ್ರಿಯ ಮುಖ ಕೆಸರಿನ ಬಣ್ಣಕ್ಕೆ ತಿರುಗಿತು. ಯಶವಂತ್ ಕಿವಿಯ ಹತ್ತಿರ ಬಗ್ಗಿದರು. "ಈಗಾದ್ರೂ ಹೇಳಿಬಿಡು ಮಾರಾಯ್ತಿ."

"ಮೂವತ್ತೊಂದು ವರ್ಷದ ಮರ್ಯಾದೆ. ಸುಮ್ಮನಿರಿ ನೀವು."

ಅವಳು ಇಡಗುಂಜಿ ಗಣಪತಿಯನ್ನು ನೆನೆದು, ಸೀರೆ ಎತ್ತಿ ಕಚ್ಚೆ ಕಟ್ಟಿದಳು. ಆ ಕಟ್ಟುವ ಠೀವಿಗೇ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ್ದೇ ಅವಳ ಹಳೆಯ ನಾಲಗೆ ಎಚ್ಚರಾಯಿತು. "ನಾನು ಕಾಲಿಟ್ಟಲ್ಲೇ ಇಡಿ. ಹಿಮ್ಮಡಿ ಮೊದಲು ಬಲವಾಗಿ ಊರಬೇಕು, ಆಮೇಲೆ ಬೆರಳು. ಹೆದರಬೇಡಿ!"

ಹಿಮ್ಮಡಿಯ ಮಾತು ಅವಳಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ.

ಮೊದಲ ಹೆಜ್ಜೆ ಗಂಟಿನವರೆಗೆ ಹೋಯಿತು. ಎರಡನೆಯದು ಮೊಣಕಾಲಿನವರೆಗೆ. ಎಂಟನೆಯ ಹೆಜ್ಜೆಗೆ ತೊಡೆ ಮುಳುಗಿ ಅವಳು ನಿಂತಳು. ಹಿಂತಿರುಗಿ ನೋಡಿದರೆ, ನಂಬಿ ಬಂದವರೆಲ್ಲ ಅವಳ ಗುಳಿಯಲ್ಲೇ ಹಿಮ್ಮಡಿ ಊರಿ ಊರಿ, ನಾಟಿ ಮಾಡಿದ ಪೈರಿನಂತೆ ಸಾಲಾಗಿ ನೆಟ್ಟುಕೊಂಡಿದ್ದರು. ಚನ್ನಬಸಪ್ಪನವರು ಸೊಂಟದವರೆಗೆ ಇಳಿದಿದ್ದರು. ಗ್ರೈಂಡರ್ ಮಾತ್ರ ಅವರ ತಲೆಯ ಮೇಲೆ ಕ್ಷೇಮವಾಗಿತ್ತು.

"ಅಕ್ಕಾರ," ಅವರು ಬಹಳ ಮರ್ಯಾದೆಯಿಂದ ಕೇಳಿದರು, "ಮುಂದ ಏನ್ ಮಾಡೂದ್ರಿ?"

ಒಂದು ಮೀನು ಸಾವಿತ್ರಿಯ ಮುಂದೆ ಬಂದು ಕೂತು, ಉತ್ತರ ಕಾಯುವಂತೆ ನೋಡಿತು.

"ನನಗೆಂತ ಗೊತ್ತು!" ಅವಳು ಕೂಗಿಬಿಟ್ಟಳು. "ನಾನು ಜೀವಮಾನದಲ್ಲಿ ಕೆಸರಿಗೆ ಇಳಿದವಳೇ ಅಲ್ಲ! ಚಿಪ್ಪಿಯೂ ಇಲ್ಲ, ಬುಟ್ಟಿಯೂ ಇಲ್ಲ, ಎಲ್ಲ ಸುಳ್ಳು!"

"ಮೊಸಳಿ?" ಚನ್ನಬಸಪ್ಪನವರ ದನಿಯಲ್ಲಿ ನಿಜವಾದ ನೋವಿತ್ತು.

"ಅದಂತೂ ಶುದ್ಧ ಸುಳ್ಳು!"

ಆಗ ಯಶವಂತ್ ನಕ್ಕರು. ಮೂವತ್ತೊಂದು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ನಗು ಅದು. ನಗುತ್ತ ಇನ್ನೊಂದು ಗೇಣು ಇಳಿದರು. ಅದನ್ನು ನೋಡಿ ನಿಕಿತಾ, ಅವಳನ್ನು ನೋಡಿ ಉಳಿದವರು. ನಕ್ಕಷ್ಟೂ ಇಳಿಯುತ್ತಿದ್ದೆವು, ಇಳಿದಷ್ಟೂ ನಗು.

ಕಾನಜೀಭಾಯಿ ಹಲಗೆ ಹಾಸಿ ಒಬ್ಬೊಬ್ಬರನ್ನೇ ಕಿತ್ತ. ಬೆರಳು ಅಗಲಿಸಿ, ಮೊಣಕಾಲು ಮಡಚಿ, ಬಾತುಕೋಳಿಯಂತೆ ಬೇಗ ಬೇಗ ಹೋಗಬೇಕು ಎಂದು ತೋರಿಸಿಕೊಟ್ಟ. ಬಿದ್ದೂ ಎದ್ದೂ ದಡ ಸೇರಿ, ಮಧ್ಯಾಹ್ನದ ಬಿಸಿಲಿನಲ್ಲಿ ಬೂದು ಬೊಂಬೆಗಳಂತೆ ಒಣಗುತ್ತ ಕೂತೆವು. ಸಾವಿತ್ರಿ ಮಾತ್ರ ದೂರ, ಬೆನ್ನು ತಿರುಗಿಸಿ ಕೂತಿದ್ದಳು.

ಚನ್ನಬಸಪ್ಪನವರು ಅವಳ ಪಕ್ಕಕ್ಕೆ ಹೋಗಿ ಕುಕ್ಕರಿಸಿದರು. "ಅಕ್ಕಾರ, ಒಂದ್ ಮಾತು. ಪ್ರತಿ ಸಂಕ್ರಾಂತಿಗೆ ನಾ ತರ್ತೀನಲ್ರಿ, ನಮ್ಮವ್ವನ ಕೈಯಾಗ ಕಲ್ತು ನಾನಽ ಬಡಿದ ರೊಟ್ಟಿ ಅಂತ..."

"ಹೌದು?"

"ಅಹಮದಾಬಾದ್‌ನ್ಯಾಗ ಒಬ್ಬ ಸೋಲಾಪುರದಾಕಿ ಬಡೀತಾಳ್ರಿ. ನನಗ ಹಿಟ್ ಕಲಸಾಕೂ ಬರಂಗಿಲ್ಲ."

ಸಾವಿತ್ರಿ ಅವರನ್ನು ದಿಟ್ಟಿಸಿ, ಒಣಗಿದ ಕೆಸರು ಬಿರಿಯುವಂತೆ ನಕ್ಕಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಕಾಡಾನೆಯ ಕಥೆ ಹೇಳುತ್ತಿದ್ದ ಹಾಸನದವರೊಬ್ಬರು ತಾವು ಆನೆ ಕಂಡದ್ದು ಮೃಗಾಲಯದಲ್ಲಿ ಮಾತ್ರ ಎಂದು ಒಪ್ಪಿಕೊಂಡರು. ಊರು ಬಿಟ್ಟು ಬಂದವನ ತಲೆಯ ಮೇಲೆ ಇಡೀ ಜಿಲ್ಲೆ ಕೂರುತ್ತದೆ. ಅವತ್ತು ಎಲ್ಲರೂ ತಮ್ಮ ತಮ್ಮ ಜಿಲ್ಲೆಯನ್ನು ಇಳಿಸಿ ಹಗುರಾದರು.

ಮರುದಿನ ಬೆಳಿಗ್ಗೆ ನೀರು ಏರಿತ್ತು. ದ್ವೀಪದ ಇನ್ನೊಂದು ಬದಿಯಲ್ಲಿ ಮರಳ ದಂಡೆ ಇತ್ತು, ದೂರದಲ್ಲಿ ರಾಜಹಂಸಗಳ ಗುಲಾಬಿ ಗೆರೆ. ನಾನು ಸೂರ್ಯನಿಗೆ ಕೈಮುಗಿದು ಕಣ್ಣು ತೆರೆದಾಗ ಸಾವಿತ್ರಿ ನಿಕಿತಾಳ ಕೈ ಹಿಡಿದು ನೀರಿಗಿಳಿಯುತ್ತಿದ್ದಳು. ಗಂಟು ದಾಟಿತು, ಮೊಣಕಾಲು ದಾಟಿತು. ಒಂದು ಪುಟ್ಟ ಅಲೆ ಸೊಂಟಕ್ಕೆ ಬಡಿದಾಗ ಅವಳು ಹಾಕಿದ ಕೇಕೆಗೆ ಹಕ್ಕಿಗಳು ಹಾರಿದವು.

ಕಾನಜೀಭಾಯಿ ಹೊರಡೋಣ ಎಂದು ಮೂರು ಸಲ ಕೂಗಿದ. ಟೆಂಟುಗಳೆಲ್ಲ ದೋಣಿ ಸೇರಿದವು.

"ಸಾವಿತ್ರೀ, ನೀರು ಇಳೀತಾ ಉಂಟು, ಬಾ!" ಯಶವಂತ್ ದಡದಿಂದ ಕರೆದರು.

"ಇಳೀಲಿ ಬಿಡಿ," ಅವಳು ತಿರುಗದೆ ಹೇಳಿದಳು. "ನಾನು ಈಗಷ್ಟೇ ಬಂದೆ."