ಮೂರು ನಿಮಿಷದ ನಡೆ

ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಹಲ್ಲುಜ್ಜುತ್ತಲೇ ಬೂಟು ಹುಡುಕುತ್ತಾನೆ. ಇಂಥವನಿಗೆ ಹಿಡಿದ ಹುಚ್ಚು ಯಾವುದು ಗೊತ್ತೇ? ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು! ಇಂಥ ಪ್ರೋಗ್ರಾಂಗಳು ಪರಸ್ಪರ ಆಡುವ ಪಂದ್ಯಕ್ಕೆ ಆರು ವರ್ಷ ಕಳಿಸಿದ, ಆರು ವರ್ಷವೂ ಕಟ್ಟಕಡೆಯ ಸ್ಥಾನ. ಈ ವರ್ಷದ್ದೇ ಕೊನೆಯ ಪಂದ್ಯ, ಮುಂದೆ ನಡೆಸುವುದಿಲ್ಲ ಎಂದು ಪಂದ್ಯ ನಡೆಸುವ ಸಂಘದವರು ಬರೆದಾಗ ಅವನ ಮುಖ ಸಪ್ಪಗಾಯಿತು.

"ಒಂದೇ ಒಂದ್ಸಲ ಮೇಲೆ ಬರ್ಬೇಕು ಅಕ್ಕಾ" ಎಂದ.

ಅವನು ಎರಡು ಪ್ರೋಗ್ರಾಂ ಬರೆದಿದ್ದ. ಒಂದಕ್ಕೆ ಚೂಟಿ ಎಂದು ಹೆಸರು, ಇನ್ನೊಂದಕ್ಕೆ ಸೋಂಬೇರಿ. ಎರಡನ್ನೂ ಒಂದರ ವಿರುದ್ಧ ಒಂದು ಆಡಿಸಿ, ಗೆದ್ದದ್ದನ್ನು ಕಳಿಸುವುದು ಅವನ ಪದ್ಧತಿ. ಆಡಿಸುತ್ತಿದ್ದದ್ದು ಮಾತ್ರ ನಡೆಗೆ ಎರಡೇ ಸೆಕೆಂಡಿನಂತೆ. ಕಾಯುವ ವ್ಯವಧಾನ ಎಲ್ಲಿಂದ ಬರಬೇಕು? ಚೂಟಿಯೇ ಗೆಲ್ಲುತ್ತಿತ್ತು, ಚೂಟಿಯೇ ಹೋಗಿ ಒದೆ ತಿಂದು ಬರುತ್ತಿತ್ತು. ಪಂದ್ಯದಲ್ಲಿ ಪ್ರತಿ ನಡೆಗೆ ಮೂರು ನಿಮಿಷ ಕೊಡುತ್ತಾರೆ, ಪರೀಕ್ಷೆಯೂ ಹಾಗೇ ನಡೆಯಬೇಕು ಎಂದು ಈ ಮಹಾಶಯನಿಗೆ ಹೊಳೆದದ್ದು ಏಳನೇ ವರ್ಷ.

"ಸೋಂಬೇರಿ ಎಲ್ಲಾ ಅಳೆದೂ ಸುರಿದೂ ನೋಡುತ್ತಕ್ಕಾ. ಟೈಮ್ ಕೊಟ್ರೆ ಅದೇ ಗೆಲ್ಲಬಹುದು. ಹತ್ತು ಆಟ ಆಡಿಸ್ತೀನಿ."

ಒಂದೊಂದು ಆಟಕ್ಕೆ ಆರು ಗಂಟೆ! ಸೋಮವಾರ ಬೆಳಿಗ್ಗೆ ಶುರುವಾಯಿತು. ಪಂದ್ಯಕ್ಕೆ ಹೆಸರು ಕೊಡಲು ಗುರುವಾರದವರೆಗೆ ಸಮಯವಿತ್ತು. ಒಮ್ಮೆ ಕೊಟ್ಟರೆ ಬದಲಾಯಿಸುವಂತಿಲ್ಲ. ಕಂಪ್ಯೂಟರ್ ಕೂತದ್ದು ಎಲ್ಲಿ? ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅದರ ಫ್ಯಾನು ಗುರ್ರೆನ್ನುತ್ತಿತ್ತು, ಇವನು ಸುತ್ತ ಶತಪಥ ಹಾಕುತ್ತಿದ್ದ, ಹೊಲಿಯಬೇಕಾದ ಶಾಲೆಯ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನನ್ನ ತಲೆ ಕೆಟ್ಟು ಹೋಗಿತ್ತು.

ಮಂಗಳವಾರ ಮಧ್ಯಾಹ್ನಕ್ಕೆ ನಾಲ್ಕು ಆಟ ಮುಗಿದವು. ಚೂಟಿ ಮೂರು, ಸೋಂಬೇರಿ ಒಂದು.

"ಮುಗೀತಲ್ಲ! ಚೂಟೀನೇ ಕಳ್ಸಿ ಮೇಜು ಖಾಲಿ ಮಾಡೋ" ಎಂದೆ.

"ಹತ್ತೂ ಆಗ್ಲಿ ಅಕ್ಕಾ. ನಾಲ್ಕರಲ್ಲಿ ಏನೂ ಹೇಳಕ್ಕಾಗಲ್ಲ."

"ಜನ್ಮದಲ್ಲಿ ಕಾಯದೋನು ಈಗ ಕಾಯ್ತಾನಂತೆ! ಕಳ್ಸೋ ಅಂದ್ರೆ ಕಳ್ಸು!"

ನನ್ನ ಮಾತು ಮೀರಿದವನಲ್ಲ. ಉಗುರು ಕಚ್ಚುತ್ತ ಕಳಿಸಿದ. ಕಂಪ್ಯೂಟರನ್ನು ತನ್ನ ಕೋಣೆಗೆ ಎತ್ತಿಕೊಂಡು ಹೋಗಿ ಉಳಿದ ಆರು ಆಟ ಆಡಿಸಿದ.

ಆರೂ ಸೋಂಬೇರಿ ಗೆದ್ದಿತು. ಗುರುವಾರ ಬೆಳಿಗ್ಗೆ ಅವನು ಅದನ್ನು ಹೇಳಿದಾಗ ನಾನು ಹೊಲಿಯುತ್ತಿದ್ದ ಅಂಗಿ ಕೆಳಗಿಟ್ಟೆ.

ಪಂದ್ಯದಲ್ಲಿ ಚೂಟಿಗೆ ಮತ್ತೆ ಕಟ್ಟಕಡೆಯ ಸ್ಥಾನ.

"ಹೋಗ್ಲಿ ಬಿಡಕ್ಕಾ, ನಿಂಗೂ ಕೆಲ್ಸ ಇತ್ತಲ್ಲ" ಎಂದು ಟೂಲ್ ಚೀಲ ಹೆಗಲಿಗೇರಿಸಿ ಹೊರಟ. ಹಾಳಾದವನು, ಒಂದು ಮಾತು ಬೈದಿದ್ದರೆ ಅವತ್ತು ನನಗೆ ಊಟ ಸೇರುತ್ತಿತ್ತು.