ಸಿಪ್ರಿಯನನ್ನು ಕಚ್ಚಿದ ನಾಯಿ

ಪ್ಯಾಂಟು ಹಾಕಿಕೊಂಡು ಹೋದದ್ದಕ್ಕೇ ನಾಯಿ ಕಚ್ಚಿತು ಎಂದು ನನ್ನ ಅತ್ತೆ ತಾವು ಸಾಯುವವರೆಗೂ ಹೇಳುತ್ತಿದ್ದರು. ಅದು ಅರವತ್ತಾರನೇ ಇಸವಿ. ಮೂಡಬಿದ್ರೆಗೆ ಕಾಲೇಜು ಬಂದದ್ದು ಆಗ ಹೊಸತು. ನನ್ನ ತಮ್ಮ ಸಿಪ್ರಿಯನ್, ಮನೆಯವರ ಬಾಯಲ್ಲಿ ಸಿಪ್ರಿ, ಗುರುವಾಯನಕೆರೆಯ ನನ್ನ ತವರಿನಿಂದ ಬಂದು ನಮ್ಮಲ್ಲಿ ನಿಂತು ಓದುತ್ತಿದ್ದ. ನಮ್ಮವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಎರಡೂ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ.

ಮೊದಲನೆಯ ಟರ್ಮಿನಲ್ಲಿ ಅವನಿಗೆ ವಿಷಮಜ್ವರ ಬಂದು ಮುಕ್ಕಾಲು ಪಾಲು ಪಾಠ ತಪ್ಪಿತ್ತು. ಇನ್ನು ತಪ್ಪಿಸಿದರೆ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಖಂಡಿತವಾಗಿ ಹೇಳಿದ್ದರು. ದಸರೆಯ ರಜೆ ಮುಗಿದು ಹೊಸ ಟರ್ಮು ತೆರೆದ ಸೋಮವಾರ ಅವನು, ಅಷ್ಟರವರೆಗೆ ಮುಂಡು ಉಡುತ್ತಿದ್ದವನು, ಬೊಂಬಾಯಿಯ ಚಿಕ್ಕಪ್ಪ ಕಳುಹಿಸಿದ ಪ್ಯಾಂಟು ಹಾಕಿ, ಶಿಲುಬೆಗೆ ಕೈಮುಗಿದು ಹೊರಟ.

ಬಸದಿಯ ಬೀದಿಯಲ್ಲಿ ಅನಂತಮತಿ ಅಮ್ಮ ಎಂಬ ಜೈನರ ಹಿರಿಯ ಹೆಂಗಸಿನ ಮನೆ. ಆ ಮನೆಯ ಗೇಟಿನ ನೆರಳಿನಲ್ಲಿ ಹಗಲೆಲ್ಲ ಒಂದು ಕೆಂದು ನಾಯಿ ಮಲಗಿರುತ್ತಿತ್ತು. ಒಂದು ಕಿವಿ ತುಂಡು. ಯಾರ ನಾಯಿಯೂ ಅಲ್ಲ. ಎಲ್ಲಿ ತಿನ್ನುತ್ತದೆ ಎಂದು ಯಾರೂ ಕೇಳಿದವರಲ್ಲ. ಅದು ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಸುಮ್ಮನೆ ಎದ್ದು ಹಿಂದಿನಿಂದ ಬಂದು ಸಿಪ್ರಿಯ ಮೀನಖಂಡಕ್ಕೆ ಬಾಯಿ ಹಾಕಿತು. ಮತ್ತೆ ಸುಮ್ಮನೆ ಹೋಗಿ ಮಲಗಿತು.

ಇವನು ಕರವಸ್ತ್ರ ಕಟ್ಟಿಕೊಂಡು ಕ್ಲಾಸಿಗೇ ಹೋದ. ಸಂಜೆ ಮನೆಗೆ ಬಂದಾಗ ರಕ್ತ ಒಣಗಿ ಪ್ಯಾಂಟು ಕಾಲಿಗೆ ಅಂಟಿತ್ತು.

"ಬೆಳಿಗ್ಗೆ ಕಚ್ಚಿದ್ದಕ್ಕೆ ಈಗ ಬರುವುದಾ?" ಎಂದು ನಾನು ಕೂಗಿದೆ.

"ಹಾಜರಿ ಆಯ್ತಲ್ಲ ಅಕ್ಕ," ಎಂದ.

ಬೊಗಳದೆ ಕಚ್ಚಿತು ಎಂದದ್ದೇ ತಡ, ಅತ್ತೆಯ ಮುಖ ಕಪ್ಪಿಟ್ಟಿತು. "ದೇವಾ! ಬೊಗಳದೆ ಕಚ್ಚುವುದು ಹುಚ್ಚುನಾಯಿ ಮಾತ್ರ. ಅದು ಬದುಕಿರುವಷ್ಟು ಹೊತ್ತು ವಿಷ ಮೇಲೆ ಮೇಲೆ ಏರ್ತದೆ. ಮೊದಲು ಅದನ್ನು ಮುಗಿಸಿ!" ನಮ್ಮವರು ಗಿರಣಿಯಿಂದ ಬಂದವರು ಕೈಕಾಲು ಕೂಡ ತೊಳೆಯದೆ ಹಿತ್ತಲಿನ ಹಾರೆ ತೆಗೆದುಕೊಂಡು ನಡೆದರು. ನಾನು ಸಿಪ್ರಿಯನ್ನು ಡಾಕ್ಟರರಲ್ಲಿಗೆ ಎಳೆದುಕೊಂಡು ಹೋದೆ.

ಡಾಕ್ಟರರು ಗಾಯಕ್ಕೆ ಸಾಬೂನು ತಿಕ್ಕಿ, ಏನೋ ಸುಡುವ ಔಷಧ ಸುರಿದು, ಮೊದಲು ಕೇಳಿದ್ದು ಒಂದೇ ಮಾತು: "ನಾಯಿ ಎಲ್ಲುಂಟು?"

"ಕೊಲ್ಲಲಿಕ್ಕೆ ಹೋಗಿದ್ದಾರೆ," ಎಂದೆ.

ಡಾಕ್ಟರರು ಎದ್ದೇ ನಿಂತರು. "ಓಡಿ ಮಾರಾಯ್ತಿ! ಅದನ್ನು ಕಟ್ಟಿಹಾಕಿ ನೋಡ್ಬೇಕು. ಮುಂದಿನ ವಾರ ಮುಗಿಯುವವರೆಗೆ ಅದು ತಿಂದು ಕುಡಿದು ಸರಿ ಇದ್ದರೆ ಹುಡುಗನಿಗೆ ಏನೂ ಇಲ್ಲ. ಸತ್ತರೆ, ಇಲ್ಲ ಕಾಣೆಯಾದರೆ, ತಡಮಾಡದೆ ಮಂಗಳೂರಿಗೆ. ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು. ನೀರು ಕಂಡರೆ ಗಂಟಲು ಬಿಗಿಯಲಿಕ್ಕೆ ಶುರುವಾದ ಮೇಲೆ ಯಾವ ಡಾಕ್ಟರನಿಂದಲೂ ಆಗುವುದಿಲ್ಲ."

ಸಿಪ್ರಿ ಕುಂಟುತ್ತಲೇ ನನಗಿಂತ ಮುಂದೆ ಓಡಿದ. ಬಸದಿಯ ಬೀದಿಯಲ್ಲಿ ಜನ ಕೂಡಿದ್ದರು. ಗೇಟಿಗೆ ಅಡ್ಡವಾಗಿ ಅನಂತಮತಿ ಅಮ್ಮ, ಬಿಳಿ ಸೀರೆ, ನನ್ನ ಭುಜದಷ್ಟೂ ಎತ್ತರವಿಲ್ಲ. ಎದುರಿಗೆ ಹಾರೆ ಹಿಡಿದ ನಮ್ಮವರು.

"ಪೊರ್ಬುಲೇ, ಹಾರೆ ಕೆಳಗಿಡಿ," ಎನ್ನುತ್ತಿದ್ದರು ಆಕೆ. ಕ್ರಿಸ್ತುವರ ಗಂಡಸರನ್ನು ನಮ್ಮ ಕಡೆ ಹಾಗೆ ಕರೆಯುವುದು, ಹೆಂಗಸರನ್ನು ಬಾಯಮ್ಮ ಎಂದು.

"ಬದಿಗೆ ಹೋಗಿ ಅಮ್ಮ. ನಿಮ್ಮ ಧರ್ಮ ನಿಮ್ಮ ಮನೆಯೊಳಗೆ. ಇದು ಪಂಚಾಯತಿನ ರೋಡು."

"ನೀವು ರೋಡಿನಲ್ಲಿದ್ದೀರಿ. ನಾಯಿ ನನ್ನ ಗೇಟಿನೊಳಗುಂಟು. ಒಳಗೆ ಬಂದು ಕೊಲ್ತೀರಾ?"

"ಭಾವಾ, ಹೊಡೀಬೇಡಿ!" ಎಂದು ಸಿಪ್ರಿ ಕಿರುಚಿದ. "ಅದು ಸತ್ತರೆ ನನ್ನ ಕಥೆಯೂ ಮುಗೀತು!"

ನಮ್ಮವರು ಹಾರೆ ಇಳಿಸಿದರು. ಡಾಕ್ಟರರ ಮಾತು ಹೇಳಿದೆವು. ಅಮ್ಮನ ಮನೆಯ ಹಿಂದೆ ದನಗಳಿಲ್ಲದ ಒಂದು ಖಾಲಿ ಹಟ್ಟಿ ಇತ್ತು. ನಾಯಿಯ ಕುತ್ತಿಗೆಗೆ ನಾರಿನ ಹಗ್ಗ ಹಾಕಿ ಅಲ್ಲಿ ಕಟ್ಟಿದರು. ಅದು ಎಳೆದಾಡಲಿಲ್ಲ. ಕಟ್ಟಿದವರ ಮುಖವನ್ನು ಒಬ್ಬೊಬ್ಬರದ್ದಾಗಿ ನೋಡಿತು.

ಅಂದಿನಿಂದ ಸಿಪ್ರಿ ಬೆಳಿಗ್ಗೆ ಹಟ್ಟಿಗೆ ಹೋಗಿ ನಾಯಿಯನ್ನು ನೋಡಿ ಕಾಲೇಜಿಗೆ ಹೋಗುವುದು, ಸಂಜೆ ನಾಯಿಯನ್ನು ನೋಡಿ ಮನೆಗೆ ಬರುವುದು. ಅಮ್ಮನ ಮೊಮ್ಮಗ ಜಿನರಾಜ ಇವನದೇ ಕ್ಲಾಸು, ಬಾಯಿ ಸುಮ್ಮನಿರದ ಹುಡುಗ. "ಇವನಿಗೆ ಎರಡು ಹಾಜರಿ ಮಾರಾಯ," ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. "ಒಂದು ಕಾಲೇಜಿನಲ್ಲಿ, ಒಂದು ನಮ್ಮ ಹಟ್ಟಿಯಲ್ಲಿ. ನಾಯಿ 'ಪ್ರೆಸೆಂಟ್' ಅಂತ ಹೇಳಿದರೆ ಸಾಕು, ಇವ ಪಾಸು."

ಬುಧವಾರದ ಹೊತ್ತಿಗೆ ಜಿನರಾಜನ ತಮಾಷೆ ನಿಂತಿತು. ನಾಯಿ ತಿನ್ನುತ್ತಿರಲಿಲ್ಲ.

ಅಮ್ಮ ಮಜ್ಜಿಗೆ ಅನ್ನ ಕಲಸಿ ಇಟ್ಟರು. ಮೂಸಿ ಮುಖ ತಿರುಗಿಸಿತು. ಹಾಲು ಅನ್ನ ಇಟ್ಟರು, ಬೆಲ್ಲ ಹಾಕಿದ ದೋಸೆ ಇಟ್ಟರು. ಹಾಗೆಯೇ ಇರುವೆ ಮುತ್ತಿತು. ನೀರನ್ನು ನೆಕ್ಕಿತು ಎಂದು ಜಿನರಾಜ, ಇಲ್ಲ, ಪಾತ್ರೆ ಕಾಲಿಗೆ ತಾಗಿ ಚೆಲ್ಲಿದ್ದು ಎಂದು ಕೆಲಸದವಳು. ಗುರುವಾರ ಅದರ ಬಾಯಿಯಿಂದ ಜೊಲ್ಲು ದಾರದ ಹಾಗೆ ಇಳಿಯತೊಡಗಿತು. ಸಂಜೆ ನಾವು ಜಪಸರಕ್ಕೆ ಕುಳಿತ ಹೊತ್ತಿಗೆ ಬಸದಿಯ ಬೀದಿಯಿಂದ ಅದು ಊಳಿಡುವುದು ಕೇಳುತ್ತಿತ್ತು. ಸಿಪ್ರಿ ಪ್ರಾರ್ಥನೆಯ ನಡುವೆ ನಿಲ್ಲಿಸಿಬಿಡುತ್ತಿದ್ದ. ಅವನು ನಿಲ್ಲಿಸಿದಲ್ಲಿ ನಾವೂ ನಿಲ್ಲುತ್ತಿದ್ದೆವು.

ಅತ್ತೆಗೆ ಬಂಟ್ವಾಳದಲ್ಲಿ ಕಂಡ ಒಂದು ಸಾವು ನೆನಪಾಯಿತು. ಅದನ್ನು ಊಟದ ಹೊತ್ತಿಗೇ ಹೇಳಬೇಕೇ? "ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ನೀರು ನೀರು ಅಂತ ಕೇಳುವುದು, ಕೊಟ್ಟರೆ ಲೋಟೆ ಕಂಡು ಗೋಡೆ ಹತ್ತಲಿಕ್ಕೆ ಹೋಗುವುದು. ಪಾದ್ರಿಗಳು ಕಿಟಕಿಯಿಂದಲೇ ಕೊನೆಯ ಪ್ರಾರ್ಥನೆ ಹೇಳಿದ್ದು."

"ಅಮ್ಮಾ, ಅನ್ನ ಉಣ್ಣಿ," ಎಂದರು ನಮ್ಮವರು.

ಆದರೆ ಸಿಪ್ರಿ ಲೋಟೆ ಎತ್ತಿದಾಗ ನಮ್ಮವರ ಕಣ್ಣೂ ಅವನ ಗಂಟಲ ಮೇಲೆಯೇ ಇತ್ತು. ಅವನು ಕುಡಿದು, ಬಾಯಿ ಒರೆಸಿ, "ಇಳಿಯಿತು," ಎಂದ. ಯಾರೂ ನಗಲಿಲ್ಲ.

"ನಾಳೆಯೇ ಮಂಗಳೂರಿಗೆ ಹೋಗುವ," ಎಂದರು ನಮ್ಮವರು. "ನಾಯಿಗೆ ಹಿಡಿದದ್ದು ಕಾಣುವುದಿಲ್ಲವಾ?"

"ಎರಡು ವಾರ ಅಲ್ಲಿ ಬಿದ್ದರೆ ವರ್ಷ ಹೋಯ್ತು ಭಾವ. ಊರಿನಲ್ಲಿ ದರ್ಜಿ ಶೇಖರನಿಗೆ ಅದೇ ಸೂಜಿಯಿಂದ ಎರಡು ಕಾಲೂ ಹೋಗಿದೆ. ನಾಯಿ ಸತ್ತಿಲ್ಲವಲ್ಲ. ಸಾಯುವವರೆಗೆ ನೋಡುವ." ಹಟದ ಹುಡುಗನಲ್ಲ ಅವನು. ಆದರೆ ಆ ಹಾಜರಿ ಅವನ ತಲೆಯಲ್ಲಿ ಮೊಳೆಯ ಹಾಗೆ ಕೂತಿತ್ತು.

ಶುಕ್ರವಾರ ನಮಗೆ ಮಾಂಸವಿಲ್ಲ, ಮೀನು. ನಾನು ಬೂತಾಯಿ ಮೀನು ಕೊಯ್ದು ಪಾತ್ರೆ ಒಲೆಯ ಮೇಲಿಟ್ಟು, ಮನಸ್ಸು ತಡೆಯದೆ ಹಾಗೆಯೇ ಹಟ್ಟಿಗೆ ಹೋದೆ. ನಾಯಿ ಕಣ್ಣು ಮುಚ್ಚಿ ಬಿದ್ದಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ನಾನು ಹತ್ತಿರ ಹೋದದ್ದೇ ಮೂಗು ಅಲುಗಿತು. ಧಡಕ್ಕನೆ ಎದ್ದಿತು. ಹಗ್ಗ ಬಿಗಿದು ನಿಂತಿತು. ಹಿಂದೆ ಸರಿಯುವ ಮೊದಲೇ ಅದರ ನಾಲಗೆ ನನ್ನ ಅಂಗೈಯ ಮೇಲಿತ್ತು. ಬಾವಿಕಟ್ಟೆಗೆ ಓಡಿ ಬೂದಿ ಹಾಕಿ ಕೈ ತಿಕ್ಕಿದೆ, ಗಾಯವಿದೆಯೋ ಎಂದು ಬೆರಳು ಬೆರಳು ನೋಡಿದೆ. ಇರಲಿಲ್ಲ. ತಿಕ್ಕುತ್ತಾ ತಿಕ್ಕುತ್ತಾ ನನಗೆ ಹೊಳೆಯಿತು. ನಾಯಿ ನೆಕ್ಕಿದ್ದು ನನ್ನನ್ನಲ್ಲ, ಮೀನನ್ನು.

ಹಗಲು ಜೈನರ ಗೇಟಿನಲ್ಲಿ ಮಲಗುವ ಆ ನಾಯಿ ಸಂಜೆ ಮೀನುಮಾರ್ಕೆಟಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಿರಬೇಕು. ಹುಟ್ಟಿದ ಮೇಲೆ ಮಜ್ಜಿಗೆ ಅನ್ನ ಕಂಡದ್ದಲ್ಲ. ನಾವು ಹುಚ್ಚು ಎಂದುಕೊಂಡದ್ದು ಬರೀ ಹಸಿವೆಯೋ ಏನೋ.

ಅಮ್ಮನಿಗೆ ಹೇಳಲಿಕ್ಕೆ ನಾಲಗೆ ಬರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು, ಕತ್ತಲೆಯಾದ ಮೇಲೆ ಹುಳ ಬಿದ್ದೀತೆಂದು ಉಣ್ಣದವರು. ಕೊನೆಗೆ ಹೇಳಿದೆ.

"ಬಾಯಮ್ಮ, ನನ್ನ ಅಂಗಳದಲ್ಲಿ ಮೀನು ಬೇಡ," ಎಂದರು ಆಕೆ. "ಅದು ಆಗ್ಲಿಕ್ಕಿಲ್ಲ. ಹಾಗಂತ ಉಪವಾಸ ಕೆಡವಿ ಕೊಂದ ಪಾಪವೂ ನನಗೆ ಬೇಡ. ಹಗ್ಗ ಹಿಡಿದು ಗೇಟಿನ ಹೊರಗೆ ಕೊಂಡುಹೋಗಿ. ರೋಡಿನ ಆಚೆ ಬದಿಯಲ್ಲಿ ಏನು ಹಾಕ್ತೀರೋ ನಾನು ನೋಡುವುದಿಲ್ಲ. ಬಾಯಿ ತೊಳೆಸಿ ಒಳಗೆ ತನ್ನಿ."

"ನಾಯಿಯ ಬಾಯಿ ತೊಳೆಸುವುದಾ ಅಜ್ಜಿ?" ಎಂದ ಜಿನರಾಜ. "ಹಲ್ಲುಜ್ಜಲಿಕ್ಕೆ ಮಾವಿನೆಲೆ ತರಲಾ?"

"ನೀನು ಒಳಗೆ ನಡಿ."

ಆ ಸಂಜೆ ನಮ್ಮವರು ಹಗ್ಗ ಹಿಡಿದು ನಾಯಿಯನ್ನು ರೋಡು ದಾಟಿಸಿದರು. ನಾನು ಬೂತಾಯಿಯ ತಲೆ, ಕರುಳು ಎಲ್ಲ ಎಲೆಯಲ್ಲಿ ಹಾಕಿದೆ. ಅದು ತಿಂದದ್ದನ್ನು ಏನು ಹೇಳಲಿ! ಎಲೆಯನ್ನೂ ತಿಂದಿತು. ಆಮೇಲೆ ಅರ್ಧ ಬಾಲ್ದಿ ನೀರು ಕುಡಿಯಿತು, ನಮ್ಮೆಲ್ಲರ ಕಣ್ಣೆದುರು. ಸಿಪ್ರಿ ಮೋರಿಕಟ್ಟೆಯ ಮೇಲೆ ಕೂತು, ಮುಖ ಮುಚ್ಚಿಕೊಂಡು, ಹೆಗಲು ಅಲ್ಲಾಡುವ ಹಾಗೆ ನಕ್ಕ. ನಗುವೋ ಅಳುವೋ. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡ.

ಶನಿವಾರ ನಾಯಿಯ ಕಾಲುಗಳಿಗೆ ತ್ರಾಣ ಬಂದಿತ್ತು. ಸಂಜೆ ಮತ್ತೆ ಹೊರಗೆ ತಂದೆವು. ಎಲೆ ಹಾಸಿ ನಾನು ಇನ್ನೂ ಬಗ್ಗಿದ್ದೆ. ತಿರುವಿನಲ್ಲಿ ಬಂದ ಬಸ್ಸು ಕಿವಿ ಒಡೆಯುವ ಹಾಗೆ ಹಾರ್ನು ಹೊಡೆಯಿತು. ನಾಯಿ ಹಾರಿ ಬಿತ್ತು, ಹಿಂದೆ ಹಿಂದೆ ಜಗ್ಗಿತು. ಉಪವಾಸದಲ್ಲಿ ಕುತ್ತಿಗೆ ಸಣ್ಣಗಾಗಿತ್ತಲ್ಲ, ಹಗ್ಗದ ಕುಣಿಕೆ ತುಂಡು ಕಿವಿಯ ಮೇಲಿಂದ ಸುಲಭವಾಗಿ ಜಾರಿತು. ನಮ್ಮವರ ಕೈಯಲ್ಲಿ ಬರಿಯ ಹಗ್ಗ. ನಾಯಿ ವೇಣೂರಿನ ರೋಡು ಹಿಡಿದು ಓಡಿತು. ಸಿಪ್ರಿ ಹಿಂದೆ ಓಡಿದ. ಗಾಯದ ಕಾಲು, ಎಷ್ಟು ದೂರ ಓಡಿಯಾನು?

ಆದಿತ್ಯವಾರ ಚರ್ಚಿನ ಪೂಜೆ ಮುಗಿದದ್ದೇ ನಮ್ಮವರೂ ಜಿನರಾಜನೂ ಸೈಕಲ್ಲಿನಲ್ಲಿ ಹುಡುಕಲಿಕ್ಕೆ ಹೋದರು. ವೇಣೂರಿನ ಹೊಳೆಬದಿಯಲ್ಲಿ ಬೆಳಿಗ್ಗೆ ಒಂದು ನಾಯಿಯನ್ನು ಹೊಡೆದು ನೀರಿಗೆ ಎಸೆದಿದ್ದರಂತೆ. ಕೆಂದು ಬಣ್ಣವಂತೆ. ಬಾಯಲ್ಲಿ ನೊರೆ ಇತ್ತು ಎಂದು ಒಬ್ಬ, ದನ ಅಟ್ಟಿತು ಅದಕ್ಕೆ ಹೊಡೆದದ್ದು ಎಂದು ಇನ್ನೊಬ್ಬ. ಕಿವಿ ತುಂಡಿತ್ತೋ ಎಂದು ಕೇಳಿದರೆ, "ನಾಯಿಯ ಕಿವಿ ಯಾರು ನೋಡ್ತಾರೆ ಮಾರಾಯರೆ?" ಎಂದರಂತೆ.

ಸಿಪ್ರಿ ಎಲ್ಲ ಕೇಳಿದ. ಪುಸ್ತಕಗಳನ್ನು ಜೋಡಿಸಿ ಮೇಜಿನ ಮೇಲಿಟ್ಟ. "ಅದು ಬೇರೆ ನಾಯಿ. ನಮ್ಮದು ಮೀನು ತಿಂದಿದೆ, ನೀರು ಕುಡಿದಿದೆ. ನಾಳೆ ಕ್ಲಾಸುಂಟು."

ನಮ್ಮವರು ಬೈದರು. ನಾನು ಅತ್ತು ಕರೆದೆ. ಅವನು ಗೋಡೆ ನೋಡುತ್ತಾ ಕೂತ.

ಆಗ ಅನಂತಮತಿ ಅಮ್ಮ ಬಂದರು. ನಮ್ಮ ಅಂಗಳಕ್ಕೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಕೂರಲಿಕ್ಕೆ ಮಣೆ ಕೊಟ್ಟರೆ ಕೂರಲಿಲ್ಲ.

"ಸೂರ್ಯ ಮುಳುಗಲಿಕ್ಕೆ ಇನ್ನು ಸ್ವಲ್ಪ ಹೊತ್ತುಂಟು," ಎಂದರು ಸಿಪ್ರಿಗೆ. "ನನ್ನ ಬಟ್ಟಲಿನಲ್ಲಿ ಅನ್ನ ಬಡಿಸಿ ಇಟ್ಟು ಬಂದಿದ್ದೇನೆ ಮಗಾ. ಅಂಗಳದಲ್ಲಿ ಬೇಡ, ಹೊರಗೆ ಕೊಂಡುಹೋಗಿ ಅಂತ ಹೇಳಿದವಳು ನಾನು. ಹೊರಗೆ ಹೋದದ್ದಕ್ಕೆ ನಾಯಿ ತಪ್ಪಿತು. ನೀನು ಮಂಗಳೂರಿನ ಬಸ್ಸು ಹತ್ತಿದೆ ಅಂತ ಜಿನರಾಜ ಬಂದು ಹೇಳುವವರೆಗೆ ನನಗೆ ಅನ್ನವೂ ಇಲ್ಲ, ನೀರೂ ಇಲ್ಲ. ನೀನು ನಾಳೆ ಹೋಗು, ನಾಡಿದ್ದು ಹೋಗು, ಪರೀಕ್ಷೆ ಮುಗಿಸಿ ಹೋಗು. ನಾನು ಕಾಯ್ತೇನೆ."

"ಅಜ್ಜಿ, ಹಾಗೆಲ್ಲ ಹೇಳ್ಬೇಡಿ."

"ಹೇಳಿ ಆಯ್ತು. ಬಾಯಿಂದ ಬಂದದ್ದನ್ನು ನಾವು ಹಿಂದೆ ತೆಗೆಯುವುದಿಲ್ಲ."

ಆಕೆ ಹೋದ ಮೇಲೆ ಅತ್ತೆ ಮೆಲ್ಲಗೆ, "ಇವರು ನಿಜವಾಗಿಯೂ ಉಣ್ಣುವುದಿಲ್ಲ ಪುತಾ," ಎಂದರು. "ಇವರ ಅತ್ತೆ ಹಾಗೆಯೇ ಅನ್ನ ನೀರು ಬಿಟ್ಟು ತೀರಿಹೋದದ್ದು." ಸಿಪ್ರಿ ಮೇಜಿನ ಮೇಲಿನ ಪುಸ್ತಕಗಳಲ್ಲಿ ಒಂದನ್ನು ಮಾತ್ರ ತೆಗೆದು ಚೀಲಕ್ಕೆ ಹಾಕಿದ.

ಸೋಮವಾರ ಮೊದಲ ಬಸ್ಸಿಗೆ ನಮ್ಮವರೂ ಅವನೂ ಹೋದರು. ಜಿನರಾಜ ಬಸ್ಸು ಹೊರಡುವುದನ್ನು ನೋಡಿ ಸೈಕಲ್ಲು ತುಳಿದುಕೊಂಡು ಮನೆಗೆ ಓಡಿದ. ಅವತ್ತು ಕ್ಲಾಸಿನಲ್ಲಿ ಸಿಪ್ರಿಯ ಹೆಸರು ಕರೆದಾಗ ಯಾರೂ ಉತ್ತರ ಕೊಡಲಿಲ್ಲವಂತೆ.

ಹದಿನಾಲ್ಕನ್ನೂ ಚುಚ್ಚಿಸಿಕೊಂಡು ಬಂದ. ಹೊಟ್ಟೆಯ ಮೇಲೆ ಲಿಂಬೆಹಣ್ಣಿನಂಥ ಗಂಟುಗಳು. ಕಾಲಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಮರುವರ್ಷ ಜೂನಿನಲ್ಲಿ, ತನಗಿಂತ ಸಣ್ಣವರ ಜೊತೆ ಅದೇ ಬೆಂಚಿನಲ್ಲಿ ಮೊದಲಿನಿಂದ ಕೂತ. ಓದಿ ಮುಗಿಸಿ ವೇಣೂರಿನಲ್ಲಿ ಮಾಸ್ಟ್ರಾದದ್ದು ಆಮೇಲಿನ ಮಾತು. ನಾಯಿಗೆ ಹುಚ್ಚಿತ್ತೋ ಇಲ್ಲವೋ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ಸೂಜಿ ತೆಗೆದುಕೊಂಡರೂ ಆ ವಿಷ ಒಂದು ವರ್ಷ ಮೈಯಲ್ಲಿ ಮಲಗಿರುತ್ತದೆ ಎಂದು ಯಾರೋ ಅತ್ತೆಯ ಕಿವಿಗೆ ಹಾಕಿದ್ದರು, ಅತ್ತೆ ನನ್ನ ಕಿವಿಗೆ ಹಾಕಿದರು. ನಾನು ಅವನಿಗೆ ಹೇಳಲಿಲ್ಲ. ಆದರೆ ಮುಂದಿನ ದಸರೆ ದಾಟುವವರೆಗೆ, ದಿನಾ ಬೆಳಿಗ್ಗೆ ಅಡುಗೆಕೋಣೆಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ಹೊರಗೆ ಬಾವಿಕಟ್ಟೆಯಲ್ಲಿ ಅವನು ತಲೆಗೆ ನೀರು ಸುರಿದುಕೊಳ್ಳುವ ಶಬ್ದ ಕೇಳಿದ ಮೇಲೆಯೇ ಒಲೆಗೆ ಬೆಂಕಿ ಹಾಕುತ್ತಿದ್ದೆ.